ಹಗಲಿನ ಕ್ಯಾಮೆರಾ, ರಾತ್ರಿಯ ತುಳುನಾಡು

ಕ್ಯಾನನ್ ಕಂಪನಿ 2018ರಲ್ಲಿ ಹೊರತಂದ ಪವರ್‌ಶಾಟ್ ಎಸ್‌ಎಕ್ಸ್740 ಎಚ್‌ಎಸ್ ಕ್ಯಾಮೆರಾದ ತೂಕ ಬ್ಯಾಟರಿ ಸೇರಿ ಸುಮಾರು 300 ಗ್ರಾಂ. ಪ್ಯಾಂಟಿನ ಜೇಬಿಗೆ ಇಳಿಯುವ ಈ ಪೆಟ್ಟಿಗೆಯಲ್ಲಿ 40 ಪಟ್ಟು ಜೂಮ್ ಇದೆ. ಬೆಳ್ತಂಗಡಿ ಬಳಿಯ ಗುರುವಾಯನಕೆರೆಯ ದಡದಲ್ಲಿ ನಿಂತು ಆನ್ ಮಾಡಿದರೆ ಕೆರೆ, ಏರಿ, ಆಚೆಯ ತೆಂಗಿನ ಸಾಲು ಎಲ್ಲವೂ ಪರದೆಯೊಳಗೆ ಬರುತ್ತವೆ. ಜೂಮ್ ಲಿವರನ್ನು ಕೊನೆಯವರೆಗೆ ತಿರುಗಿಸಿದರೆ ನೀರಿನ ನಡುವೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆ ಮಾತ್ರ ಉಳಿಯುತ್ತದೆ. ಫಿಲಂ ಕಾಲದಲ್ಲಿ ಇಷ್ಟು ದೂರ ಕೈಚಾಚಲು ಭಾರದ ಟೆಲಿ ಲೆನ್ಸು, ಟ್ರೈಪಾಡು, ಅವುಗಳನ್ನು ಹೊರುವ ಒಬ್ಬ ಜೊತೆಗಾರ ಬೇಕಾಗುತ್ತಿತ್ತು. ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಮೂಡಿಗೆರೆಯಲ್ಲಿ ಲೇಖಕ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬೆನ್ನುಹತ್ತಿದ ದಿನಗಳಲ್ಲಿ ಒಂದು ರೋಲಿಗೆ ಸಿಗುತ್ತಿದ್ದದ್ದು 36 ಚಿತ್ರ. ತೊಳೆಸಿ ನೋಡುವವರೆಗೆ ಏನು ಸಿಕ್ಕಿದೆ ಎಂದು ತಿಳಿಯುವ ದಾರಿಯೂ ಇರಲಿಲ್ಲ.

ಹಾಗಾಗಿ ಈ ಬಗೆಯ ಕ್ಯಾಮೆರಾವನ್ನು ಆಟಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾದ ಜೂಮಿನ ಅಂಕಿಯನ್ನು ನಂಬಿ ಕೊಂಡವರು ಬೆಳ್ತಂಗಡಿ ಸೀಮೆಯಲ್ಲಿ ಬೇಗ ನಿರಾಶರಾಗುತ್ತಾರೆ. ಕಾರಣ ಲೆನ್ಸಿನ ಗಾಜಿನ ಹಿಂದೆ ಅಡಗಿದೆ.

ಪ್ಯಾನಸಾನಿಕ್ 2006ರಲ್ಲಿ ಟಿಜೆಡ್1 ಮಾದರಿಯಲ್ಲಿ 10 ಪಟ್ಟು ಜೂಮ್ ಕೊಟ್ಟಿತು. ಮುಂದಿನ ಹತ್ತು ವರ್ಷಗಳಲ್ಲಿ ಕಂಪನಿಗಳ ಪೈಪೋಟಿಯಲ್ಲಿ ಅದು 20, 30, 40 ಎಂದು ಏರುತ್ತ ಹೋಯಿತು. ಲೆನ್ಸು ಇಷ್ಟು ಉದ್ದವಾದರೂ ಕ್ಯಾಮೆರಾ ಜೇಬಿನಲ್ಲೇ ಉಳಿದದ್ದಕ್ಕೆ ಕಾರಣ ಬೆಳಕು ಹಿಡಿಯುವ ಸೆನ್ಸರಿನ ಗಾತ್ರ. ಅದರ ಅಗಲ ಆರು ಮಿಲಿಮೀಟರಿಗಿಂತ ತುಸು ಹೆಚ್ಚು, ಎತ್ತರ ನಾಲ್ಕೂವರೆ ಮಿಲಿಮೀಟರ್. ಹಳೆಯ 35 ಎಂಎಂ ಫಿಲಂ ಚೌಕಟ್ಟಿನ ವಿಸ್ತೀರ್ಣದ ಮೂವತ್ತರಲ್ಲಿ ಒಂದು ಪಾಲು. ಈ ಚೂರಿಗೆ 172 ಮಿ.ಮೀ. ಲೆನ್ಸು ಜೋಡಿಸಿದರೆ, ಫಿಲಂ ಕ್ಯಾಮೆರಾದಲ್ಲಿ 960 ಮಿ.ಮೀ. ಲೆನ್ಸು ತೋರಿಸುವಷ್ಟೇ ಹತ್ತಿರದ ನೋಟ ಸಿಗುತ್ತದೆ. ಜೂಮ್ ಪೂರ್ತಿ ಚಾಚಿದಾಗ, ಲೆನ್ಸಿನ ಉದ್ದಕ್ಕೆ ಹೋಲಿಸಿದರೆ, ಅದರ ಬಾಯಿ ಎಫ್/6.9ಕ್ಕೆ ಕಿರಿದಾಗುತ್ತದೆ. 2 ಕೋಟಿ ಪಿಕ್ಸೆಲ್ ಎಂದು ಬರೆದಿದ್ದರೂ ಅಷ್ಟು ಕಿರಿದಾದ ಬಾಯಿಯಲ್ಲಿ ಬೆಳಕು ತಾನಾಗಿಯೇ ಹರಡಿ, ಪಕ್ಕಪಕ್ಕದ ಪಿಕ್ಸೆಲುಗಳು ಒಂದೇ ಸುದ್ದಿಯನ್ನು ಹಂಚಿಕೊಳ್ಳುತ್ತವೆ. ಎ4 ಹಾಳೆಯ ಗಾತ್ರಕ್ಕೆ ಚಿತ್ರ ಚೆಂದವೇ. ಗೋಡೆಗೆ ಹಾಕುವ ಗಾತ್ರಕ್ಕೆ ಸಾಲದು.

ಈಗ ಬೆಳಕಿನ ಲೆಕ್ಕ. ಚುರುಕು ಬಿಸಿಲಿನಲ್ಲಿ, ಸೆನ್ಸರಿನ ಬೆಳಕಿನ ಸೂಕ್ಷ್ಮತೆಯ ಅಂಕಿಯಾದ ಐಎಸ್‌ಒ 100ರಲ್ಲಿ, ಎಫ್/6.9ಕ್ಕೆ ಸಿಗುವ ಶಟರ್ ವೇಗ ಹೆಚ್ಚುಕಡಿಮೆ ಸೆಕೆಂಡಿನ 500ನೇ ಒಂದು ಭಾಗ. ಮೋಡ ಕವಿದರೆ ಅದು 60ನೇ ಒಂದಕ್ಕೆ ಇಳಿಯುತ್ತದೆ. ಕೈನಡುಕವನ್ನು ತಡೆಯುವ ವ್ಯವಸ್ಥೆ ಕ್ಯಾಮೆರಾದಲ್ಲಿದೆ, ನಿಜ. ಹಕ್ಕಿಯ ಕತ್ತಿನ ಚಲನೆಯನ್ನು ಅದು ತಡೆಯಲಾರದು. ವೇಗಕ್ಕಾಗಿ ಐಎಸ್‌ಒ 1600, 3200 ಎಂದು ಏರಿಸುತ್ತ ಹೋದರೆ ಗರಿಯ ಎಳೆಗಳು ಅಳಿಸಿ ಬಣ್ಣದ ಮುದ್ದೆ ಉಳಿಯುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿನ ಆಕಾಶ ಈ ಕ್ಯಾಮೆರಾಕ್ಕೆ ಬೇಕಾದ ಬೆಳಕನ್ನು ಕೊಡುವುದು ಅಪರೂಪ. ಬೇಸಿಗೆಯ ಮಧ್ಯಾಹ್ನ ಬೆಳಕು ಧಾರಾಳವಾಗಿದ್ದರೂ ಕಾದ ಗಾಳಿ ಅಡ್ಡಬರುತ್ತದೆ. ಬೆಳ್ತಂಗಡಿಯ ಸುತ್ತಲಿನ ಎಷ್ಟೋ ಗದ್ದೆ ಬಯಲುಗಳಿಂದ ಕಾಣುವ ಗಡಾಯಿಕಲ್ಲಿನ ನೆತ್ತಿಯಲ್ಲಿ ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆಯ ಅವಶೇಷಗಳಿವೆ. ಏಪ್ರಿಲ್ ಮಧ್ಯಾಹ್ನ ಜೂಮ್ ಹಾಕಿದರೆ ಅಲ್ಲಿನ ಗೋಡೆ ಅಲುಗುತ್ತದೆ. ನವೆಂಬರಿನ ಬೆಳಗ್ಗೆ, ಮಳೆ ತೊಳೆದ ಗಾಳಿಯಲ್ಲಿ, ಅದೇ ಕ್ಯಾಮೆರಾ ಬಂಡೆಯ ಸೀಳುಗಳನ್ನು ಒಂದೊಂದಾಗಿ ಬಿಡಿಸಿಕೊಡುತ್ತದೆ.

ಬೆಳಕು ಒದಗಿದ ಕಡೆ ಇದರ ಕೆಲಸ ಬೆಲೆಬಾಳುವಂಥದ್ದು. ವೇಣೂರಿನಲ್ಲಿ ಅರಸ ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ ಬಾಹುಬಲಿಯ ಎತ್ತರ ಸುಮಾರು 35 ಅಡಿ. ಪಾದದ ಬಳಿ ನಿಂತು ಮೊಬೈಲು ಎತ್ತಿದವರ ಚಿತ್ರಗಳಲ್ಲಿ ಕಾಲು ಕಂಬದಷ್ಟು ದಪ್ಪ, ಮುಖ ಲಿಂಬೆಹಣ್ಣಿನಷ್ಟು ಚಿಕ್ಕದು. ಶಿಲ್ಪಿ ಕೊಟ್ಟ ಪ್ರಮಾಣ ಅದಲ್ಲ. ಅಂಗಳದಿಂದ ಆದಷ್ಟು ಹಿಂದೆ ಸರಿದು ಜೂಮ್ ಬಳಸಿದರೆ ಮುಖ, ಭುಜ, ತೋಳಿಗೆ ಹಬ್ಬಿದ ಬಳ್ಳಿ ತಮ್ಮ ತಮ್ಮ ಅಳತೆಗೆ ಮರಳುತ್ತವೆ. ದೂರ ನಿಂತಷ್ಟೂ ಪ್ರಮಾಣ ನೇರವಾಗುತ್ತದೆ ಎಂಬ ಸರಳ ಸಂಗತಿ ಉದ್ದ ಜೂಮಿನ ದೊಡ್ಡ ವರ. ಜಾಹೀರಾತುಗಳು ಇದನ್ನು ಹೇಳುವುದೇ ಇಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಒಳಾಂಗಣದಲ್ಲಿ ನೆರಳು ಹೆಚ್ಚು. ಆದರೂ ಕಲ್ಲು ಅಲುಗುವುದಿಲ್ಲವಲ್ಲ. ಫೋಟೊ ತೆಗೆಯಲು ಅನುಮತಿಯಿರುವ ಕಡೆ ಕ್ಯಾಮೆರಾವನ್ನು ಗಟ್ಟಿ ಜಾಗಕ್ಕೆ ಒರಗಿಸಿ, ಎರಡು ಸೆಕೆಂಡಿನ ಟೈಮರ್ ಇಟ್ಟರೆ ಕೆತ್ತನೆ ಸ್ಪಷ್ಟವಾಗಿ ಮೂಡುತ್ತದೆ.

ಅದಕ್ಕಿಂತ ದೊಡ್ಡ ಪ್ರಯೋಜನ ಕಾಡಿನಲ್ಲಿದೆ. ಗೂಡು ಕಟ್ಟುವ ಕಾಲದಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿ ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಕೂರುತ್ತದೆ. ವಾರಗಟ್ಟಲೆ ಅದರ ಊಟ, ಮರಿಗಳ ಊಟ ಗಂಡು ತರುವ ಹಣ್ಣಿನಿಂದ. ಮರದ ಬುಡದಲ್ಲಿ ಜನ ಗುಂಪುಗೂಡಿದರೆ ಗಂಡು ಹತ್ತಿರ ಬರಲು ಹೆದರುತ್ತದೆ. 40 ಪಟ್ಟು ಜೂಮಿನಲ್ಲಿ 30 ಮೀಟರ್ ದೂರದಿಂದ ನೋಡಿದರೂ ಚೌಕಟ್ಟಿನ ಅಗಲ ಒಂದು ಮೀಟರಿಗಿಂತ ತುಸುವೇ ಹೆಚ್ಚು, ಅಂದರೆ ದೊಡ್ಡ ಮಂಗಟ್ಟೆ ಅದನ್ನು ತುಂಬಿಬಿಡುತ್ತದೆ. ಹತ್ತಿರ ಹೋಗುವ ಅಗತ್ಯವೇ ಇಲ್ಲ. ಈ ಒಂದು ಕಾರಣಕ್ಕಾದರೂ ಶಾಲೆಗಳ ಪರಿಸರ ಸಂಘಗಳಲ್ಲಿ ಇಂಥದ್ದೊಂದು ಕ್ಯಾಮೆರಾ ಇರಬೇಕು.

ಕಂಬಳದಲ್ಲಿ ಪರೀಕ್ಷೆ ಕಠಿಣ. ಅಶ್ವತ್ಥಪುರದ ಶ್ರೀನಿವಾಸ ಗೌಡ 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕೋಣಗಳ ಜೊತೆ ಓಡಿದರು. ಸೆಕೆಂಡಿಗೆ ಹತ್ತೂವರೆ ಮೀಟರ್! ಶಟರ್ ವೇಗ 100ನೇ ಒಂದಿದ್ದರೆ ಅದು ತೆರೆದು ಮುಚ್ಚುವಷ್ಟರಲ್ಲಿ ಕೋಣಗಳು ಹತ್ತು ಸೆಂಟಿಮೀಟರ್ ಮುಂದೆ ಹೋಗಿರುತ್ತವೆ. 1000ನೇ ಒಂದಿದ್ದರೆ ಒಂದೇ ಸೆಂಟಿಮೀಟರ್. ಹಗಲಿನ ಓಟದಲ್ಲಿ ಐಎಸ್‌ಒ 200ಕ್ಕೇರಿಸಿ ಈ ವೇಗ ಪಡೆಯಬಹುದು. ಓಟದ ಕರೆಯ ಅಂಚಿಗೆ ನುಗ್ಗದೆ, ಜನರ ನಡುವೆ ನಿಂತು, ಓಟ ಮುಗಿಯುವ ಮಂಜೊಟ್ಟಿಯ ಕಡೆಗೆ ಮೊದಲೇ ಫೋಕಸ್ ಮಾಡಿ ಕಾದರೆ ನೀರು ಸಿಡಿದ ಕ್ಷಣ ಸಿಗುತ್ತದೆ. ಆದರೆ ಕಂಬಳ ಕತ್ತಲಾದ ಮೇಲೂ ನಡೆಯುತ್ತದೆ. ಫ್ಲಡ್‌ಲೈಟ್ ಹತ್ತಿತೆಂದರೆ ಈ ಕ್ಯಾಮೆರಾವನ್ನು ಜೇಬಿಗೆ ಹಾಕಿಕೊಳ್ಳುವುದೇ ಸರಿ.

ಕತ್ತಲಲ್ಲಿ ಸೋಲುವುದೇ ತುಳುನಾಡಿನಲ್ಲಿ ಈ ಕ್ಯಾಮೆರಾದ ನಿಜವಾದ ಕೊರತೆ. ದೀಪಾವಳಿಯ ನಂತರ ಶುರುವಾಗಿ ಮೇ ಕೊನೆಯ ಪತ್ತನಾಜೆಯವರೆಗೆ ನಡೆಯುವ ಯಕ್ಷಗಾನ ಮೇಳಗಳ ಆಟ, ದೈವಗಳ ನೇಮ, ಕೋಲ ಬಹುಪಾಲು ರಾತ್ರಿಯವು. ಆಕಾಶ ತಿಳಿಯಾಗಿರುವ ತಿಂಗಳುಗಳಲ್ಲೇ ನಾಡಿನ ಸಂಭ್ರಮ ಕತ್ತಲಲ್ಲಿ ನಡೆಯುತ್ತದೆ. ಕೋಲದಲ್ಲಿ ದೈವದ ಮುಖದೆದುರು ಮೊಬೈಲು ಹಿಡಿದು ಮುತ್ತುವವರನ್ನು ಕಂಡಾಗ, ಹಿಂದೆ ನಿಂತೇ ತೆಗೆಯಬಲ್ಲ ಕ್ಯಾಮೆರಾ ಇದ್ದರೆ ಎಷ್ಟು ಚೆನ್ನ ಎನಿಸುತ್ತದೆ. ದೊಂದಿಯ ಬೆಳಕಿನಲ್ಲಿ ಎಫ್/6.9 ಆ ಆಸೆಯನ್ನು ಪೂರೈಸಲಾರದು. ರಂಗದ ಚಿತ್ರವೇ ಮುಖ್ಯವಾದವರಿಗೆ ಪ್ಯಾನಸಾನಿಕ್ ಟಿಜೆಡ್200ರಂಥ, ನಾಲ್ಕು ಪಟ್ಟು ದೊಡ್ಡ ಸೆನ್ಸರಿನ ಕ್ಯಾಮೆರಾ ಮೇಲು. ಅದರ ಜೂಮ್ 15 ಪಟ್ಟಿಗೆ ನಿಲ್ಲುತ್ತದೆ. ದೂರ ಮತ್ತು ಕತ್ತಲು ಎರಡನ್ನೂ ಗೆಲ್ಲುವ ಕ್ಯಾಮೆರಾ ಜೇಬಿನಲ್ಲಿ ಹಿಡಿಸುವುದಿಲ್ಲ.

ಮೊಬೈಲಿನಲ್ಲೇ 100 ಪಟ್ಟು ಜೂಮ್ ಇದೆಯಲ್ಲ ಎನ್ನುವವರಿದ್ದಾರೆ. ಆ ನೂರರಲ್ಲಿ ಗಾಜಿನ ಪಾಲು ಹತ್ತಿರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು. ಉಳಿದದ್ದು ಹಿಗ್ಗಿಸಿ ತಂತ್ರಾಂಶದಿಂದ ತಿದ್ದಿದ ಚಿತ್ರ. ಮೊಬೈಲು ತೋರಿಸುವ ಚಂದ್ರನ ಕುಳಿಗಳು ಎಷ್ಟು ನಿಜ ಎಂಬ ದೊಡ್ಡ ಚರ್ಚೆಯೇ 2023ರಲ್ಲಿ ನಡೆಯಿತು. ಕಾಂಪ್ಯಾಕ್ಟ್ ಕ್ಯಾಮೆರಾದ ಹಕ್ಕಿ ಮಸುಕಾಗಿದ್ದರೂ ಅದು ಕೊಂಬೆಯ ಮೇಲೆ ಕೂತಿದ್ದ ಹಕ್ಕಿಯೇ. ಯಾವ ಹಕ್ಕಿ ಎಂದು ಗುರುತಿಸಿ ದಾಖಲಿಸುವವರಿಗೆ ಈ ವ್ಯತ್ಯಾಸ ದೊಡ್ಡದು. ಆದರೂ ಮಾರುಕಟ್ಟೆ ಮೊಬೈಲಿನ ಕಡೆ ವಾಲಿತು. ಲೆನ್ಸು ಬದಲಿಸಲಾಗದ ಕ್ಯಾಮೆರಾಗಳು 2010ರಲ್ಲಿ ಜಪಾನಿನ ಕಂಪನಿಗಳಿಂದ ಸುಮಾರು 10.8 ಕೋಟಿ ರವಾನೆಯಾಗಿದ್ದವು. 2023ರಲ್ಲಿ ಅದು ಸುಮಾರು 17 ಲಕ್ಷ.

ಆ ಹಳೆಯ ಕೋಟಿಗಳಲ್ಲಿ ಕೆಲವು ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಮನೆಗಳ ಕಪಾಟಿನಲ್ಲಿ ಇನ್ನೂ ಇರುತ್ತವೆ, ಬಹಳಷ್ಟು ಚರ್ಮದ ಚೀಲದೊಳಗೆ. ಕರಾವಳಿಯ ತೇವದಲ್ಲಿ ಇಂಥ ಕ್ಯಾಮೆರಾಕ್ಕೆ ಕಪಾಟಿಗಿಂತ ಕೆಟ್ಟ ಜಾಗವಿಲ್ಲ. ಚರ್ಮ ತೇವ ಹಿಡಿಯುತ್ತದೆ, ಲೆನ್ಸಿನೊಳಗೆ ಬೂಷ್ಟು ಹಬ್ಬುತ್ತದೆ, ಲೆನ್ಸು ಕಳಚಲಾಗದ್ದರಿಂದ ಒರೆಸುವ ದಾರಿಯೂ ಇರುವುದಿಲ್ಲ. ಅಂಥದ್ದೊಂದು ಮನೆಯಲ್ಲಿದ್ದರೆ ಇಂದೇ ಹೊರತೆಗೆಯಿರಿ. ಟಾರ್ಚು ಬಿಟ್ಟು ಗಾಜು ನೋಡಿ, ಬ್ಯಾಟರಿ ಉಬ್ಬಿಲ್ಲವೆಂದು ಖಚಿತಪಡಿಸಿಕೊಂಡು ಚಾರ್ಜು ಮಾಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಮಳೆ ಬಿಟ್ಟ ಮೇಲಿನ ಮೊದಲ ಬಿಸಿಲಿಗೆ, ಬೆಳಗ್ಗೆ ಏಳರಿಂದ ಹತ್ತರೊಳಗೆ, ಮಕ್ಕಳ ಕೈಗೆ ಕೊಟ್ಟು ಹತ್ತಿರದ ಕೆರೆಯ ದಡಕ್ಕೆ ಕಳಿಸಿ.