ಸೊಳ್ಳೆ ಲೇಪ: ಮೊದಲ ಕಡಿತದ ಲೆಕ್ಕ

ಮೈಗೆ ಹಚ್ಚುವ ಸೊಳ್ಳೆ ವಿಕರ್ಷಕಗಳ ಮೇಲೆ 'ಇಷ್ಟು ಗಂಟೆ ರಕ್ಷಣೆ' ಎಂದು ಅಚ್ಚು ಹಾಕಿರುತ್ತಾರೆ. ಆ ಗಂಟೆಗಳನ್ನು ಅಳೆದದ್ದು ಹೇಗೆ ಎಂದು ಕೇಳುವವರು ವಿರಳ.

2002ರಲ್ಲಿ ಅಮೆರಿಕದ ಫ್ರಾಡಿನ್ ಮತ್ತು ಡೇ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟಿಸಿದ ಪರೀಕ್ಷೆಯನ್ನೇ ನೋಡೋಣ. 15 ಮಂದಿ ಸ್ವಯಂಸೇವಕರು ಲೇಪ ಹಚ್ಚಿದ ತೋಳನ್ನು 10 ಹಸಿದ ಈಡಿಸ್ ಈಜಿಪ್ಟೈ ಸೊಳ್ಳೆಗಳಿದ್ದ ಪಂಜರದಲ್ಲಿ ಆಗಾಗ ಒಂದು ನಿಮಿಷ ಇಡುತ್ತಿದ್ದರು. ಮೊದಲ ಕಡಿತಕ್ಕೆ ಲೆಕ್ಕ ಮುಗಿಯಿತು. ಶೇಕಡ 23.8 ಡೀಟ್ ಇದ್ದ ಲೇಪ ಸರಾಸರಿ 301.5 ನಿಮಿಷ ಕಾಪಾಡಿತು. ಮಜ್ಜಿಗೆ ಹುಲ್ಲಿನ ಸಂಬಂಧಿಯಾದ ಸಿಟ್ರೊನೆಲ್ಲದ ಎಣ್ಣೆಯ ಲೇಪಗಳು 20 ನಿಮಿಷ ಮುಟ್ಟಲಿಲ್ಲ. ವಿಕರ್ಷಕ ಸೇರಿಸಿದ ಕೈಪಟ್ಟಿಗಳದ್ದು ಅರ್ಧ ನಿಮಿಷವೂ ಇಲ್ಲ!

ಲೇಪಗಳನ್ನು ಒಂದಕ್ಕೊಂದು ಹೋಲಿಸಲು ಇದು ಒಳ್ಳೆಯ ಪರೀಕ್ಷೆ. ಆದರೆ 301.5 ಎಂಬುದು ಲೇಪದ ಗುಣವಷ್ಟೇ ಅಲ್ಲ, ಪಂಜರದ ಗುಣವೂ ಹೌದು. ಮೊದಲ ಕಡಿತವನ್ನು ನಿರ್ಧರಿಸುವುದು ಗುಂಪಿನ ಅತಿ ಧೈರ್ಯದ ಒಂದೇ ಸೊಳ್ಳೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಪಂಜರಕ್ಕೆ 200ರಿಂದ 250 ಹೆಣ್ಣು ಸೊಳ್ಳೆಗಳನ್ನು ಬಿಡಲು ಹೇಳುತ್ತದೆ. ಅಷ್ಟರಲ್ಲಿ ಅಂಥದೊಂದು ಸಿಗುವ ಸಂಭವ ಹೆಚ್ಚು. ಹಾಗಾಗಿ ಅದೇ ಲೇಪದ ಅವಧಿ ಕುಗ್ಗುತ್ತದೆ. ಸರಾಸರಿಯೂ ಮೋಸಗಾರ: ಅದೇ ಡೀಟ್ ಲೇಪದಲ್ಲಿ ಒಬ್ಬರಿಗೆ 200ನೇ ನಿಮಿಷಕ್ಕೇ ಕಡಿತವಾಗಿತ್ತು.

ನಮ್ಮಲ್ಲಿ ಹೆಚ್ಚು ದುರುಪಯೋಗವಾಗಿರುವುದು ಬೇವಿನೆಣ್ಣೆಯ ಅಧ್ಯಯನ. 1993ರಲ್ಲಿ ವಿ.ಪಿ. ಶರ್ಮ ಮತ್ತು ಸಂಗಡಿಗರು, ತೆಂಗಿನೆಣ್ಣೆಯಲ್ಲಿ ಶೇಕಡ 2 ಬೇವಿನೆಣ್ಣೆ ಬೆರೆಸಿ ಹಚ್ಚಿದರೆ ಅನಾಫಿಲಿಸ್ ಸೊಳ್ಳೆಗಳಿಂದ 12 ಗಂಟೆ ಪೂರ್ಣ ರಕ್ಷಣೆ ದೊರೆಯಿತೆಂದು ವರದಿ ಮಾಡಿದರು. ಇದನ್ನು ಉದ್ಧರಿಸುವವರು 'ಅನಾಫಿಲಿಸ್' ಎಂಬ ಪದವನ್ನು ನುಂಗಿಬಿಡುತ್ತಾರೆ. ಅನಾಫಿಲಿಸ್ ಮಲೇರಿಯ ಹರಡುವ, ರಾತ್ರಿ ಕಡಿಯುವ ಸೊಳ್ಳೆ. ಡೆಂಗಿ ಹರಡುವ ಈಡಿಸ್ ಕಡಿಯುವುದು ಹಗಲಲ್ಲಿ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚಿ ಡೆಂಗಿಯ ದಿನಗಳಲ್ಲಿ ಮಕ್ಕಳನ್ನು ಹೊರಗೆ ಕಳಿಸುವುದು ಅಪಾಯ. ಇನ್ನು, ಬರೀ ತೆಂಗಿನೆಣ್ಣೆ ಹಚ್ಚಿದ ತೋಳಿನ ಹೋಲಿಕೆ ಇಲ್ಲದಿದ್ದರೆ ಫಲ ಬೇವಿನದೋ ಎಣ್ಣೆಯದೋ ಎಂದು ಯಾವ ಪರೀಕ್ಷೆಯೂ ಹೇಳಲಾರದು.

ವಿಜ್ಞಾನ ಪ್ರದರ್ಶನಗಳಲ್ಲಿ 'ನಮ್ಮ ಲೇಪ ಹಚ್ಚಿದೆವು, ಸೊಳ್ಳೆ ಕಡಿಯಲಿಲ್ಲ' ಎನ್ನುವ ವಿದ್ಯಾರ್ಥಿಗಳನ್ನು ಶಿಕ್ಷಕರು ಕೇಳಬೇಕಾದ ಪ್ರಶ್ನೆಯೂ ಆ ಮಾರ್ಗಸೂಚಿಯಲ್ಲಿದೆ. ಏನನ್ನೂ ಹಚ್ಚದ ತೋಳಿನ ಮೇಲೆ ಮೊದಲು 30 ಸೆಕೆಂಡಿನಲ್ಲಿ ಕನಿಷ್ಠ 10 ಸೊಳ್ಳೆಗಳು ಕೂರಬೇಕು. ಇಲ್ಲದಿದ್ದರೆ ಅವಕ್ಕೆ ಹಸಿವೇ ಇಲ್ಲ, ಪರೀಕ್ಷೆ ಆರಂಭಿಸುವಂತಿಲ್ಲ. ಅಂದಹಾಗೆ, ಅಲ್ಲಿ ಬಳಸುವುದು ಪ್ರಯೋಗಾಲಯದಲ್ಲಿ ಸಾಕಿದ, ರೋಗಾಣುರಹಿತ ಸೊಳ್ಳೆಗಳನ್ನು. ಚರಂಡಿಯಿಂದ ಹಿಡಿದು ತಂದ ಸೊಳ್ಳೆಗಳಿಗೆ ವಿದ್ಯಾರ್ಥಿಗಳು ತೋಳೊಡ್ಡುವುದು ಬೇಡ.