ಕಾಂತೆಯ ನುಡಿಯೋ, ಪ್ರಭುವಿನ ನುಡಿಯೋ?
ಆಯ್ದಕ್ಕಿ ಲಕ್ಕಮ್ಮನ ವಚನಗಳಲ್ಲಿ ಸತಿಪತಿ ಸಂವಾದ

ಸಂಸ್ಕೃತದ ಆಲಂಕಾರಿಕರು ಉಪದೇಶದ ರೀತಿಯನ್ನು ಮೂರಾಗಿ ವಿಂಗಡಿಸಿರುವುದು ಸಾಹಿತ್ಯ ವಿದ್ಯಾರ್ಥಿಗಳಿಗೆಲ್ಲ ತಿಳಿದ ವಿಷಯ. ಒಡೆಯನಂತೆ ಆಜ್ಞಾಪಿಸುವುದು ವೇದ. ಮಿತ್ರನಂತೆ ಹಿತಾಹಿತಗಳನ್ನು ಬಿಡಿಸಿ ಹೇಳುವುದು ಪುರಾಣೇತಿಹಾಸ. ಮಡದಿಯಂತೆ ಸರಸವಾಗಿ ಮನವೊಲಿಸಿ ದಾರಿಗೆ ತರುವುದು ಕಾವ್ಯ. ಮಮ್ಮಟನ ಕಾವ್ಯಪ್ರಕಾಶದ ಮೂಲಕ ಪ್ರಚುರವಾದ ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತಗಳೆಂಬ ಈ ಪದಗಳನ್ನು ಕಾವ್ಯಪ್ರಯೋಜನದ ಪಾಠದಲ್ಲಿ ಬಾಯಿಪಾಠ ಮಾಡುವವರು, ಅವುಗಳೊಳಗೆ ಸ್ತ್ರೀಪುರುಷರ ನುಡಿಯನ್ನು ಕುರಿತ ಒಂದು ಗ್ರಹಿಕೆಯೂ ಅಡಗಿದೆಯೆಂಬುದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಪ್ಪಣೆ ಕೊಡುವುದು ಆಳುವವನ ನುಡಿ, ಓಲೈಸುವುದು ಹೆಣ್ಣಿನ ನುಡಿ ಎಂಬುದೇ ಆ ಗ್ರಹಿಕೆ. ಆಲಂಕಾರಿಕನು ಅದನ್ನು ಉಪಮಾನವಾಗಿ ಬಳಸಿದನೇ ಹೊರತು ಸಿದ್ಧಾಂತವಾಗಿ ಮಂಡಿಸಲಿಲ್ಲ, ನಿಜ. ಆದರೆ ಎಲ್ಲರೂ ವಿಚಾರವಿಲ್ಲದೆ ಒಪ್ಪುವುದನ್ನೇ ಅಲ್ಲವೆ ಉಪಮಾನವಾಗಿ ಬಳಸುವುದು?

ವಚನ ವಿಮರ್ಶೆಯೂ ಈ ಗ್ರಹಿಕೆಯಿಂದ ಪೂರ್ಣವಾಗಿ ಬಿಡುಗಡೆ ಹೊಂದಿಲ್ಲ. ಪರೀಕ್ಷೆಗಾಗಿ ಸಿದ್ಧವಾಗುವ ಮಾರ್ಗದರ್ಶಿಗಳನ್ನು ತೆರೆದರೆ, ಶರಣರ ವಚನಗಳಿಗೆ ವೈಚಾರಿಕತೆ, ಶರಣೆಯರ ವಚನಗಳಿಗೆ ಕೋಮಲತೆ, ಆರ್ತತೆ, ಭಾವುಕತೆ ಎಂದು ಗುಣಗಳನ್ನು ಮೊದಲೇ ಹಂಚಿಟ್ಟಿರುವುದು ಕಾಣುತ್ತದೆ. ಈ ಹಂಚಿಕೆ ವಚನಗಳ ಎದುರಿನಲ್ಲಿ ನಿಲ್ಲುತ್ತದೆಯೇ ಎಂಬುದನ್ನು ಪರಿಶೀಲಿಸಲು ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯರ ಸಂವಾದಕ್ಕಿಂತ ಯೋಗ್ಯವಾದ ಪ್ರಸಂಗ ಬೇರೊಂದಿಲ್ಲ. ಏಕೆಂದರೆ ಇಲ್ಲಿ ಮಾತನಾಡುವವರು ಗಂಡಹೆಂಡಿರು. ಮಾತಿನ ವಿಷಯ ಮನೆಗೆ ಬಂದ ಅಕ್ಕಿ.

ಶೂನ್ಯಸಂಪಾದನೆಯಲ್ಲಿ ಬರುವ ಕಥೆ ಎಲ್ಲರಿಗೂ ಪರಿಚಿತವಾದುದೇ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳಲ್ಲಿ ಮಾರಯ್ಯನದು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಅದನ್ನು ಬೇಯಿಸಿ ಜಂಗಮದಾಸೋಹ ನಡೆಸುವುದು ಲಕ್ಕಮ್ಮನ ಪಾಲಿನದು. ಒಂದು ದಿನ ಮಾರಯ್ಯನು ಶರಣರ ಅನುಭಾವ ಗೋಷ್ಠಿಯಲ್ಲಿ ತನ್ಮಯನಾಗಿ ಹೊತ್ತು ಮರೆಯುತ್ತಾನೆ. ಕಾಯಕ ನಿಂತಿದೆ, ಬೇಗ ಹೋಗು ಎಂದು ಲಕ್ಕಮ್ಮ ಎಚ್ಚರಿಸುತ್ತಾಳೆ. ಅವನು ಅವಸರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಆಕೆ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳುತ್ತಾಳೆ.

ಈ ಪ್ರಸಂಗದ ವಚನಗಳಲ್ಲಿ ಲಕ್ಕಮ್ಮನ ವಾಕ್ಯರಚನೆಯನ್ನು ಗಮನಿಸಬೇಕು. ಗಂಡನನ್ನು ಆಕೆ ‘ಅಯ್ಯಾ’ ಎಂದು ಕರೆಯುತ್ತಾಳೆ. ತನ್ನನ್ನು ಆಳ್ದವನೆಂದು ಸಂಬೋಧಿಸುತ್ತಾಳೆ. ಸಂಬೋಧನೆಯಲ್ಲಿ ಲೋಕದ ಮರ್ಯಾದೆ ಎಳ್ಳಷ್ಟೂ ತಪ್ಪಿಲ್ಲ. ಆದರೆ ಅದೇ ವಾಕ್ಯದ ಕ್ರಿಯಾಪದ ಆಜ್ಞಾರ್ಥದಲ್ಲಿದೆ. ಆಳ್ದನೆಂದು ಕರೆದವಳೇ ಹೋಗೆಂದು ಕಳುಹಿಸುತ್ತಾಳೆ. ಮುಂದಿನ ವಚನಗಳಲ್ಲಿ ಆಜ್ಞೆ ಪ್ರಶ್ನೆಯಾಗುತ್ತದೆ. ಅಕ್ಕಿಯ ಆಸೆ ನಿಮಗೇಕೆ, ಆಸೆ ಅರಸರಿಗೆ ಸಲ್ಲುವುದಲ್ಲದೆ ಭಕ್ತರಿಗೆ ಸಲ್ಲುವುದೇ ಎಂಬ ಅರ್ಥದ ಆ ಪ್ರಶ್ನೆಗಳಿಗೆ ಉತ್ತರ ಬೇಕಾಗಿಲ್ಲ. ಉತ್ತರ ಪ್ರಶ್ನೆಯಲ್ಲಿಯೇ ಇದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಕೆ ಏಕಮನಸ್ಸಿಗೂ ಇಬ್ಬಗೆಯ ಮನಸ್ಸಿಗೂ ಭೇದವೆಣಿಸುತ್ತಾಳೆ. ಈ ಹೆಚ್ಚಳ ಗಂಡನ ಮನದಿಂದ ಬಂದುದೋ, ಅಥವಾ ತಮ್ಮನ್ನು ಪರೀಕ್ಷಿಸಬಯಸಿದ ಬಸವಣ್ಣನ ಸಂದೇಹದ ಚಿತ್ತದಿಂದ ಬಂದುದೋ ಎಂದು ಕೇಳುತ್ತಾಳೆ. ಮಹಾಮನೆಯ ಒಡೆಯನನ್ನೇ ವಿಚಾರಣೆಗೆ ಒಳಪಡಿಸುವ ಈ ನುಡಿಯಲ್ಲಿ ಓಲೈಕೆ ಎಲ್ಲಿದೆ? ಸರಸ ಎಲ್ಲಿದೆ? ಆಡಿದವಳು ಕಾಂತೆ, ಆಡಿದ ನುಡಿ ಮಾತ್ರ ಪ್ರಭುಸಮ್ಮಿತ.

ಇದನ್ನು ಗೃಹಿಣಿಯ ಹಿತನುಡಿ ಎಂದು ಮೃದುಗೊಳಿಸಿ ವ್ಯಾಖ್ಯಾನಿಸುವ ರೂಢಿಯುಂಟು. ಮಿತವ್ಯಯ, ಸಂಸಾರದ ಜಾಣ್ಮೆ, ಸಹಧರ್ಮಿಣಿಯ ಎಚ್ಚರಿಕೆ ಎಂಬ ಪ್ರಶಂಸೆಯ ಮಾತುಗಳು ಇಲ್ಲಿ ಧಾರಾಳವಾಗಿ ಬಳಕೆಯಾಗುತ್ತವೆ. ಪ್ರಶಂಸೆಯೇನೋ ಸರಿ, ಅರ್ಥ ಸರಿಯಲ್ಲ. ಲೋಕವು ಗೃಹಿಣಿಯಿಂದ ಬಯಸುವ ಜಾಣ್ಮೆ ಯಾವುದು? ಬಂದುದನ್ನು ಒಳಗಿಟ್ಟು ನಾಳೆಗೆ ಕಾಪಿಡುವುದು. ಲಕ್ಕಮ್ಮ ಬಂದುದನ್ನು ಹೊರಗೆ ಕಳುಹಿಸುತ್ತಾಳೆ. ಗಂಡ ದುಡಿದು ತರುವವ, ಹೆಂಡತಿ ಕೂಡಿಡುವವಳು ಎಂಬ ಪಾತ್ರವಿಭಾಗವನ್ನು ಆಕೆ ನಿರ್ವಹಿಸುತ್ತಿಲ್ಲ, ಮುರಿಯುತ್ತಿದ್ದಾಳೆ. ಬಡತನವನ್ನು ಕುರಿತ ಆಕೆಯ ವಿಚಾರವೂ ಇದಕ್ಕೆ ಹೊಂದಿಕೊಂಡೇ ಇದೆ. ದ್ರವ್ಯದ ಬಡತನ ಮನಸ್ಸು ಶುದ್ಧವಿಲ್ಲದವನಿಗೆ. ಚಿತ್ತಶುದ್ಧಿಯಿಂದ ಕಾಯಕ ಮಾಡುವವನಿಗೆ ಸಿರಿ ತಾನಾಗಿಯೇ ಒದಗುತ್ತದೆ ಎಂಬುದು ಆಕೆಯ ನಿಲುವು. ಇದು ಕಾಯಕತತ್ತ್ವದ ಶುದ್ಧ ಪ್ರತಿಪಾದನೆ. ಜನರು ಬಸವಣ್ಣನ ಮಾತೆಂದು ನಂಬಿರುವ, ಕಾಯಕವನ್ನು ಕೈಲಾಸಕ್ಕೆ ಸಮನಾಗಿಸುವ ನುಡಿ ವಾಸ್ತವವಾಗಿ ಮಾರಯ್ಯನ ವಚನದಲ್ಲಿ ಬರುವಂಥದು. ಆ ತತ್ತ್ವವನ್ನು ನುಡಿದವನು ಗಂಡ. ಅವನೇ ಅದನ್ನು ಮರೆತಾಗ ನೆನಪಿಸಿದವಳು ಹೆಂಡತಿ.

ಹೀಗೆಂದ ಮಾತ್ರಕ್ಕೆ ಕಲ್ಯಾಣದಲ್ಲಿ ಸ್ತ್ರೀಪುರುಷರ ಪಾತ್ರಗಳೆಲ್ಲ ಅಳಿಸಿಹೋದವೆಂದು ಭಾವಿಸುವುದು ಅತಿಯಾದೀತು. ಅಕ್ಕಿ ಆಯಲು ಹೋದವನು ಮಾರಯ್ಯನೇ, ಒಲೆಯ ಮುಂದೆ ನಿಂತವಳು ಲಕ್ಕಮ್ಮನೇ. ಕೆಲಸದ ಹಂಚಿಕೆ ಬಹುಮಟ್ಟಿಗೆ ಹಳೆಯದು. ಆ ಕೆಲಸದ ಧರ್ಮಾಧರ್ಮಗಳನ್ನು ನಿರ್ಣಯಿಸುವ ಅಧಿಕಾರ ಹೊಸದು. ಶರಣೆಯರ ಸ್ವಾತಂತ್ರ್ಯವನ್ನು ಕೊಂಡಾಡುವ ಉಪನ್ಯಾಸಗಳಲ್ಲಿ ಈ ಸೂಕ್ಷ್ಮ ಮರೆಯಾಗುವುದೇ ಹೆಚ್ಚು.

ಲಕ್ಕಮ್ಮನ ನುಡಿಯ ಪಕ್ಕದಲ್ಲಿ, ಶರಣಸತಿ ಲಿಂಗಪತಿ ಭಾವದಲ್ಲಿ ಪುರುಷರು ರಚಿಸಿದ ವಚನಗಳನ್ನು ಇಟ್ಟು ನೋಡುವುದು ಉಪಯುಕ್ತ. ಉರಿಲಿಂಗದೇವನ ಮತ್ತು ಗಜೇಶ ಮಸಣಯ್ಯನ ವಚನಗಳಲ್ಲಿ ಈ ಭಾವ ಅತ್ಯಂತ ಸುಕುಮಾರವಾಗಿ ಮೂಡಿದೆಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪುರುಷನು ಸತಿಯಾದಾಗ ಎಂಥ ಸತಿಯಾಗುತ್ತಾನೆ? ನಲ್ಲನ ದಾರಿ ಕಾಯುವವಳು, ಕೆಳದಿಯೊಡನೆ ಅಳಲು ತೋಡಿಕೊಳ್ಳುವವಳು, ಕೂಟದ ಸುಖದಲ್ಲಿ ಮೈಮರೆಯುವವಳು, ಅಂದರೆ ಕಾವ್ಯಪರಂಪರೆಯ ನಾಯಿಕೆ. ಭಾವುಕತೆ, ಆರ್ತತೆ, ಕೋಮಲತೆ ಎಂದು ಮಾರ್ಗದರ್ಶಿಗಳು ಪಟ್ಟಿ ಮಾಡುವ ಲಕ್ಷಣಗಳು ಇಲ್ಲಿ ಸಮೃದ್ಧವಾಗಿವೆ. ಬರೆದವರು ಮಾತ್ರ ಗಂಡಸರು. ನಿಜವಾದ ಗೃಹಿಣಿಯಾದ ಲಕ್ಕಮ್ಮನಿಗೆ ಕೆಳದಿಯ ಗೋಜಿಲ್ಲ. ಕದಿರ ರೆಮ್ಮವ್ವೆ ತನ್ನ ವಚನದಲ್ಲಿ ಹೇಳಹೊರಡುವುದು ತಾನು ತಿರುಗಿಸುವ ರಾಟೆಯ ಕುಲಗೋತ್ರವನ್ನು. ಎರಡು ಬಗೆಯ ನುಡಿಯನ್ನೂ ತುಂಬು ಅಧಿಕಾರದಿಂದ ಬಳಸಿದವಳು ಅಕ್ಕಮಹಾದೇವಿ. ಆಕೆಯೊಬ್ಬಳ ಆಧಾರದ ಮೇಲೆ ಎಲ್ಲ ಶರಣೆಯರ ನುಡಿಯನ್ನೂ ಅಳೆದುದರಿಂದಲೇ ಈ ಗೊಂದಲದ ಬಹುಭಾಗ ಹುಟ್ಟಿರಬೇಕು.

ಹೆಣ್ಣು ಮಾತಿನ ಮಲ್ಲಿ, ಗಂಡು ಮಿತಭಾಷಿ ಎಂಬ ಲೋಕೋಕ್ತಿಗೂ ವಚನ ವಾಙ್ಮಯ ಮನ್ನಣೆ ಕೊಡುವುದಿಲ್ಲ. ಅಣ್ಣ ಅಜಗಣ್ಣನ ಅಗಲಿಕೆಯಿಂದ ದುಃಖಿತಳಾದ ಮುಕ್ತಾಯಕ್ಕನನ್ನು ಅಲ್ಲಮಪ್ರಭು ಸಂಧಿಸುವ ಸಂದರ್ಭದಲ್ಲಿ, ಪದರು ಪದರಾಗಿ ತತ್ತ್ವವನ್ನು ವಿವರಿಸುತ್ತ ಹೋಗುವವನು ಅಲ್ಲಮ. ನುಡಿಯ ಹಂಗೇ ಇನ್ನೂ ಹರಿಯದ ನೀವು ಪರರಿಗೆ ನಡೆಯನ್ನು ಹೇಗೆ ಹೇಳುವಿರಿ ಎಂಬರ್ಥದಲ್ಲಿ ತಡೆಯುವವಳು ಮುಕ್ತಾಯಕ್ಕ. ಅಲ್ಲಮನ ಮಾತಿನ ಮಿತಿಯನ್ನು ಅಲ್ಲಮನಿಗೇ ತೋರಿಸಿದ ಧೈರ್ಯ ಇನ್ನಾರಲ್ಲಿ ಇಷ್ಟು ಸ್ಪಷ್ಟವಾಗಿದೆ?

ಇಲ್ಲಿ ಶೂನ್ಯಸಂಪಾದನಕಾರರ ಪಾತ್ರವನ್ನೂ ಪ್ರಸ್ತಾಪಿಸಬೇಕು. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲ್ಗೊಂಡು ಗೂಳೂರು ಸಿದ್ಧವೀರಣ್ಣೊಡೆಯನವರೆಗಿನ ಸಂಕಲನಕಾರರು ಬಸವಾದಿ ಶರಣರಿಗಿಂತ ಸುಮಾರು ಮುನ್ನೂರು ವರ್ಷ ಈಚಿನವರು. ಬಿಡಿಬಿಡಿಯಾಗಿದ್ದ ವಚನಗಳನ್ನು ಪ್ರಶ್ನೋತ್ತರವಾಗಿ ಹೆಣೆದವರು ಅವರು. ಆ ಹೆಣಿಗೆಯ ಸೊಗಸು ಅಸಾಧಾರಣವಾದುದು; ಗಂಡನಿಗೆ ಬುದ್ಧಿ ಹೇಳಿದ ಲಕ್ಕಮ್ಮನನ್ನೂ, ಕೈಲಾಸದ ಬಯಕೆಯನ್ನು ಖಂಡಿಸಿದ ಮೋಳಿಗೆ ಮಹಾದೇವಿಯನ್ನೂ ಅವರು ಮರೆಮಾಡಲಿಲ್ಲವೆಂಬುದು ಅವರ ದೊಡ್ಡತನ. ಆದರೂ ಒಂದು ವ್ಯತ್ಯಾಸ ಕಣ್ಣಿಗೆ ಬೀಳದಿರದು. ಸೊನ್ನಲಿಗೆಯಲ್ಲಿ ಸಿದ್ಧರಾಮನ ಎದುರು ನಿಂತ ಅಲ್ಲಮ ಅವನ ಕೆರೆ ಗುಡಿಗಳ ಕಾಯಕವನ್ನು ಪ್ರಶ್ನಿಸುತ್ತಾನೆ. ಕಲ್ಯಾಣಕ್ಕೆ ಬಂದ ಮಹಾದೇವಿಯನ್ನು ನಿನ್ನ ಪತಿ ಯಾರೆಂದು ಕೇಳುತ್ತಾನೆ. ಗಂಡಿಗೆ ಕೃತಿಯ ಪ್ರಶ್ನೆ, ಹೆಣ್ಣಿಗೆ ಗಂಡನ ಪ್ರಶ್ನೆ. ಕೂದಲಿನಿಂದ ಮೈ ಮುಚ್ಚಿಕೊಂಡುದೇಕೆ ಎಂಬ ಪ್ರಶ್ನೆಗೆ ಆಕೆ ಕೊಟ್ಟ ಉತ್ತರವನ್ನು ಹೆಣ್ಣಿನ ಸಹಜ ಲಜ್ಜೆಯೆಂದು ಓದುವವರಿದ್ದಾರೆ. ಆ ವಚನದ ತಾತ್ಪರ್ಯ ಹಾಗಿಲ್ಲ. ಕಂಡು ನಿಮಗೆ ನೋವಾದೀತೆಂದು ಮುಚ್ಚಿದೆನೆಂಬುದು ಆಕೆಯ ಉತ್ತರ. ಕುಂದು ನೋಡುವ ಕಣ್ಣಿನದಾಯಿತು.

ಅಂಕಿತಗಳ ವಿಷಯದಲ್ಲಿಯೂ ಅವಸರದ ತೀರ್ಮಾನ ಸಲ್ಲದು. ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಹೆಸರಿಲ್ಲದೆ ದೇವರನ್ನೂ ಕರೆಯಲಾಗದ ಪರಾಧೀನತೆ ಇದೆಂದು ವಾದಿಸಬಹುದು. ಆದರೆ ಹಡಪದ ಅಪ್ಪಣ್ಣನ ಅಂಕಿತದಲ್ಲಿ ‘ಬಸವಪ್ರಿಯ’ ಎಂದಿದೆ. ಒಲಿದವರ ಹೆಸರನ್ನು ಹಿಡಿದು ದೇವರನ್ನು ಕರೆಯುವುದು ಸ್ತ್ರೀಯರಿಗಷ್ಟೇ ಮೀಸಲಾದ ಪದ್ಧತಿಯಲ್ಲ. ಆಕ್ಷೇಪಿಸತಕ್ಕದ್ದು ಬೇರೊಂದಿದೆ. ಹಸ್ತಪ್ರತಿಗಳು ಶರಣೆಯರನ್ನು ಇಂಥವರ ‘ಪುಣ್ಯಸ್ತ್ರೀ’ ಎಂದು ಗುರುತಿಸುತ್ತವೆ. ಲಕ್ಕಮ್ಮನ ಪುಣ್ಯಪುರುಷ ಮಾರಯ್ಯ ಎಂದು ಯಾವ ಲಿಪಿಕಾರನೂ ಬರೆದಂತಿಲ್ಲ.

ಹೆಣ್ಣು ಗಂಡೆಂಬುದು ಮೈಯ ಗುರುತೇ ಹೊರತು ಒಳಗಿನ ಆತ್ಮಕ್ಕೆ ಸಲ್ಲದೆಂದು ಜೇಡರ ದಾಸಿಮಯ್ಯನೂ ಗೊಗ್ಗವ್ವೆಯೂ ಹೇಳಿದ್ದಾರೆ. ಸತ್ಯಕ್ಕನು ಇನ್ನೂ ಬಿಗಿಯಾಗಿ, ಅಂಥ ಗುರುತು ಜಗದ ರೂಢಿಯೇ ಹೊರತು ಬಲ್ಲವರು ಒಪ್ಪುವ ನೀತಿಯಲ್ಲವೆಂದು ತಳ್ಳಿಹಾಕಿದ್ದಾಳೆ. ಈ ವಚನಗಳನ್ನು ಉದ್ಧರಿಸದ ಭಾಷಣವಿಲ್ಲ. ಆದರೆ ಲಕ್ಕಮ್ಮನು ಇದನ್ನು ತತ್ತ್ವವಾಗಿ ಹೇಳಲಿಲ್ಲ. ಮನೆಯ ಬಾಗಿಲಲ್ಲಿ ಅಕ್ಕಿಯ ಗಂಟನ್ನು ಮುಂದಿಟ್ಟುಕೊಂಡು ಗಂಡನೊಡನೆ ಆಡಿ ತೋರಿಸಿದಳು. ಗಂಡನೂ ಕೇಳಿದ. ತಪ್ಪನ್ನು ಒಪ್ಪಿ, ಅನುಭಾವದ ಮಾರ್ಗವನ್ನು ಹೆಂಡತಿಯಿಂದಲೇ ಕೇಳಿ ತಿಳಿಯಲು ಮುಂದಾದ ಮಾರಯ್ಯನ ವಿನಯ ಈ ಸಂವಾದದ ಅರ್ಧ ಭಾಗ. ಹೇಳುವವಳ ಧೈರ್ಯವನ್ನು ಹೊಗಳುವಷ್ಟು ಕೇಳುವವನ ಗುಣವನ್ನು ವಿಮರ್ಶಕರು ಗಮನಿಸಿಲ್ಲ.

ಗಮನಿಸುವುದಕ್ಕೆ ಒಂದು ಪ್ರಾಯೋಗಿಕ ಅಡ್ಡಿಯೂ ಇದೆ. 1993ರಲ್ಲಿ 15 ಸಂಪುಟಗಳಲ್ಲಿ ಪ್ರಕಟವಾದ ಸಮಗ್ರ ವಚನ ಸಂಪುಟವು ವಿದ್ವತ್ತಿನ ದೃಷ್ಟಿಯಿಂದ ಮಹೋಪಕಾರದ ಕೆಲಸ. ಅದರಲ್ಲಿ ಶರಣೆಯರ ವಚನಗಳೆಲ್ಲ 5ನೆಯ ಸಂಪುಟದಲ್ಲಿ ಒಟ್ಟಾಗಿವೆ. ಲಕ್ಕಮ್ಮನ ಇಪ್ಪತ್ತೈದರಷ್ಟು ವಚನಗಳು ಅಲ್ಲಿ ದೊರೆಯುತ್ತವೆ. ಮಾರಯ್ಯನ ವಚನಗಳು ಬೇರೊಂದು ಸಂಪುಟದಲ್ಲಿವೆ. ಈ ಗಂಡಹೆಂಡಿರ ಮಾತುಕತೆಯನ್ನು ಪೂರ್ಣವಾಗಿ ಆಲಿಸಬೇಕೆನ್ನುವ ವಿದ್ಯಾರ್ಥಿ ಎರಡು ಗ್ರಂಥಗಳನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು ಕುಳಿತುಕೊಳ್ಳಬೇಕು.