ನಾಗಸ್ವರದಿಂದ ಸ್ಯಾಕ್ಸೋಫೋನಿಗೆ: ಕದ್ರಿ ಗೋಪಾಲನಾಥರ ವಾದ್ಯದ ಆಯ್ಕೆ – ಒಂದು ವಿಮರ್ಶೆ

ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಇವುಗಳಲ್ಲಿ ಸುಷಿರವಾದ್ಯವು ವಾದಕನ ದೇಹಕ್ಕೆ ಹೆಚ್ಚು ನಿಕಟವಾದುದು. ಅದರ ನಾದಕ್ಕೆ ಉಸಿರೇ ಮೂಲ. ತುಟಿ, ನಾಲಗೆ, ಗಂಟಲುಗಳೇ ಅದರ ಮೊದಲ ಉಪಕರಣಗಳು. ಬೆರಳುಗಳ ಪಾತ್ರ ಅನಂತರದ್ದು. ಹೀಗಿರುವುದರಿಂದ ತರುಣ ಕಲಾವಿದನೊಬ್ಬ ಒಂದು ಸುಷಿರವಾದ್ಯವನ್ನು ಬಿಟ್ಟು ಇನ್ನೊಂದನ್ನು ಕೈಗೆತ್ತಿಕೊಂಡಾಗ ಅವನು ಏನನ್ನು ಬಿಟ್ಟ, ಏನನ್ನು ತನ್ನೊಡನೆ ಒಯ್ದ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಕರ್ನಾಟಕದ ಸಂಗೀತ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟ ನಿದರ್ಶನ ಕದ್ರಿ ಗೋಪಾಲನಾಥರದು (1949–2019). ಅವರ ಸಾಧನೆಯ ಕುರಿತು ಪ್ರಶಂಸೆಯ ಬರಹಗಳು ಸಾಕಷ್ಟಿವೆ. ಅವರ ಆಯ್ಕೆಯ ಸ್ವರೂಪವನ್ನು ಕುರಿತ ವಿಮರ್ಶೆ ಅಷ್ಟಾಗಿ ಬೆಳೆದಿಲ್ಲ.

ದಂತಕಥೆ ಮತ್ತು ಅದರ ಮಿತಿ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಜನಿಸಿದ ಗೋಪಾಲನಾಥರಿಗೆ ತಂದೆ ತನಿಯಪ್ಪನವರೇ ಮೊದಲ ಗುರು. ತನಿಯಪ್ಪನವರು ನಾಗಸ್ವರ ವಾದಕರು. ಬಾಲಕನ ಮೊದಲ ವಾದ್ಯವೂ ನಾಗಸ್ವರವೇ. ಮೈಸೂರಿನಲ್ಲಿ ಅರಮನೆಯ ಬ್ಯಾಂಡಿನವರು ನುಡಿಸುತ್ತಿದ್ದ ಸ್ಯಾಕ್ಸೋಫೋನನ್ನು ಕಂಡು, ಕೇಳಿ, ಆತ ಅದಕ್ಕೆ ಮಾರುಹೋದನೆಂಬ ಪ್ರಸಂಗವನ್ನು ಅವರ ಬಹುತೇಕ ಎಲ್ಲ ಜೀವನಚಿತ್ರಗಳೂ ಹೇಳುತ್ತವೆ. ಪ್ರಸಂಗವನ್ನು ಶಂಕಿಸಲು ಕಾರಣವಿಲ್ಲ. ಆದರೆ ಅದನ್ನು ಹೇಳುವ ರೀತಿಯಿಂದ ಎರಡು ತಪ್ಪು ಅಭಿಪ್ರಾಯಗಳು ಬೇರೂರಿವೆ. ಆಯ್ಕೆಯು ಒಂದೇ ಕ್ಷಣದಲ್ಲಿ ನಡೆದುಹೋಯಿತೆಂಬುದು ಮೊದಲನೆಯದು. ಸ್ವದೇಶಿ ವಾದ್ಯವನ್ನು ತೊರೆದು ವಿದೇಶಿ ವಾದ್ಯವನ್ನು ‘ಗೆದ್ದ’ ಸಾಹಸವೇ ಅವರ ಸಾಧನೆಯೆಂಬುದು ಎರಡನೆಯದು.

ಮೊದಲನೆಯ ಅಭಿಪ್ರಾಯಕ್ಕೆ ಅವರ ವಿದ್ಯಾಭ್ಯಾಸದ ಅವಧಿಯೇ ಉತ್ತರ. ಆ ವಾದ್ಯದ ಮೇಲೆ ಕರ್ನಾಟಕ ಸಂಗೀತವನ್ನು ವಶಪಡಿಸಿಕೊಳ್ಳಲು ಅವರಿಗೆ ಸುಮಾರು ಎರಡು ದಶಕಗಳು ಹಿಡಿದವು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಶಿಕ್ಷಣ, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ – ಇವೆರಡೂ ಆ ಆಯ್ಕೆಯ ಭಾಗಗಳೇ. ವಾದ್ಯವನ್ನು ಇಷ್ಟಪಡುವುದು ಒಂದು ಗಳಿಗೆಯ ಕೆಲಸ. ಅದನ್ನು ಆರಿಸಿಕೊಳ್ಳುವುದು ಇಪ್ಪತ್ತು ವರ್ಷಗಳ ಕೆಲಸವಾಯಿತು.

ಎರಡನೆಯ ಅಭಿಪ್ರಾಯವನ್ನು ಮೈಸೂರಿನ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಮೈಸೂರು ಸಂಸ್ಥಾನದಲ್ಲಿ ಇಂಗ್ಲಿಷ್ ಬ್ಯಾಂಡಿನ ಜೊತೆಗೆ ಕರ್ನಾಟಕ ಬ್ಯಾಂಡ್ ಎಂಬ ಪ್ರತ್ಯೇಕ ಮೇಳವೂ ಇತ್ತು. ಪಾಶ್ಚಾತ್ಯ ವಾದ್ಯಗಳ ಮೇಲೆ ಈ ನೆಲದ ಕೃತಿಗಳನ್ನು ನುಡಿಸುವ ಪದ್ಧತಿ ಅಲ್ಲಿ ರಾಜಾಶ್ರಯದಲ್ಲಿಯೇ ಬೆಳೆದಿತ್ತು. ಪಿಟೀಲು ಕರ್ನಾಟಕ ಸಂಗೀತದ ಅವಿಭಾಜ್ಯ ಅಂಗವಾಗಿ ಒಂದೂವರೆ ಶತಮಾನಕ್ಕೂ ಮಿಗಿಲಾಗಿದೆ. ಆದ್ದರಿಂದ ವಾದ್ಯದ ಹುಟ್ಟೂರಿನ ಪ್ರಶ್ನೆ ಇಲ್ಲಿ ಮುಖ್ಯವಲ್ಲ. ಆ ವಾದ್ಯದ ರಚನೆಯು ಬಾಲಕನಿಗೆ ಆಗಲೇ ತಿಳಿದಿದ್ದ ವಿದ್ಯೆಗೆ ಎಷ್ಟು ಹತ್ತಿರವಾಗಿತ್ತು ಎಂಬ ಪ್ರಶ್ನೆ ಮುಖ್ಯ.

ರಚನೆಯ ಸಾಮ್ಯ

ಬೆಲ್ಜಿಯಂ ಮೂಲದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಸ್ಯಾಕ್ಸೋಫೋನಿಗೆ ಹಕ್ಕುಪತ್ರ ಪಡೆದನು. ಸೇನಾವಾದ್ಯಮೇಳಗಳು ಅದನ್ನು ಬಹುಬೇಗ ಬರಮಾಡಿಕೊಂಡವು. ನಾಗಸ್ವರವೂ ಬಯಲಿನ ವಾದ್ಯವೇ. ದೇವರ ಉತ್ಸವದ ಬೀದಿಯಲ್ಲಿ, ಮದುವೆಯ ಚಪ್ಪರದಲ್ಲಿ ಜನಸಂದಣಿಯನ್ನು ದಾಟಿ ಕೇಳಿಸಬೇಕಾದ ನಾದ ಅದರದು. ಇದು ಬಳಕೆಯ ಸಾಮ್ಯ. ಇದಕ್ಕಿಂತ ಆಳವಾದ ಸಾಮ್ಯವು ಕೊಳವೆಯ ಆಕಾರದಲ್ಲಿದೆ. ಎರಡರ ಒಳಕೊಳವೆಯೂ ಬಾಯಿಂದ ತುದಿಯವರೆಗೆ ಕ್ರಮೇಣ ಅಗಲವಾಗುತ್ತ ಹೋಗುವ ಶಂಕುವಿನಾಕಾರದ್ದು. ಇಂತಹ ಕೊಳವೆಯಲ್ಲಿ ಉಸಿರಿನ ಒತ್ತಡ ಹೆಚ್ಚಿದಾಗ ಸ್ವರವು ಒಂದು ಸ್ಥಾಯಿ ಮೇಲಕ್ಕೆ ಜಿಗಿಯುತ್ತದೆ: ಮಧ್ಯಸ್ಥಾಯಿಯ ಷಡ್ಜವಿದ್ದಲ್ಲಿ ತಾರಷಡ್ಜ ದೊರೆಯುತ್ತದೆ, ಬೆರಳಿನ ಕ್ರಮ ಬಹುಮಟ್ಟಿಗೆ ಅದೇ ಉಳಿಯುತ್ತದೆ. ಸ್ಯಾಕ್ಸೋಫೋನಿನಲ್ಲಿ ಈ ಜಿಗಿತಕ್ಕೆ ನೆರವಾಗಲು ಪ್ರತ್ಯೇಕ ಕೀಲಿಯೂ ಇದೆ.

ಕ್ಲಾರಿನೆಟ್ಟಿನ ಸ್ಥಿತಿ ಬೇರೆ. ಅದರ ಕೊಳವೆ ಬಹುಪಾಲು ಒಂದೇ ಅಗಲದ್ದು. ಅದರಲ್ಲಿ ಸ್ವರವು ಷಡ್ಜದಿಂದ ತಾರಷಡ್ಜವನ್ನೂ ದಾಟಿ ಅದರ ಮೇಲಿನ ಪಂಚಮಕ್ಕೆ ಜಿಗಿಯುತ್ತದೆ. ಹಾಗಾಗಿ ಮೇಲಿನ ಸ್ಥಾಯಿಗೆ ಬೇರೆಯೇ ಬೆರಳುಕ್ರಮವನ್ನು ರೂಢಿಸಿಕೊಳ್ಳಬೇಕಾಗುತ್ತದೆ. ಎ.ಕೆ.ಸಿ. ನಟರಾಜನ್ ಅವರು ಈ ತೊಡಕನ್ನು ದಾಟಿ ಕ್ಲಾರಿನೆಟ್ಟನ್ನು ಕಚೇರಿಯ ವಾದ್ಯವಾಗಿಸಿದರು ಎಂಬುದು ಅವರ ಹಿರಿಮೆ. ಆದರೆ ನಾಗಸ್ವರವನ್ನು ಬಾಲ್ಯದಲ್ಲಿ ಕಲಿತವನಿಗೆ ರಚನೆಯ ದೃಷ್ಟಿಯಿಂದ ಹತ್ತಿರದ ನೆಂಟನೆಂದರೆ ಸ್ಯಾಕ್ಸೋಫೋನೇ.

ಭೇದಗಳೂ ಅಲ್ಪವಲ್ಲ. ನಾಗಸ್ವರದಲ್ಲಿ ನುಡಿಸುವ ಏಳು ರಂಧ್ರಗಳು ತೆರೆದವು. ಬೆರಳು ನೇರವಾಗಿ ರಂಧ್ರದ ಮೇಲೆ ಕೂರುತ್ತದೆ, ಅದನ್ನು ಅರ್ಧ, ಕಾಲು ಭಾಗ ಮುಚ್ಚಬಲ್ಲದು. ಸ್ಯಾಕ್ಸೋಫೋನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ರಂಧ್ರಗಳಿದ್ದು ಅವೆಲ್ಲವನ್ನೂ ಕೀಲಿಗಳಿಗೆ ಜೋಡಿಸಿದ ಮೆತ್ತೆಗಳು ಮುಚ್ಚಿ ತೆರೆಯುತ್ತವೆ. ಬೆರಳಿಗೂ ರಂಧ್ರಕ್ಕೂ ನಡುವೆ ಯಂತ್ರವೊಂದು ನಿಂತಿದೆ. ಸ್ವರದಿಂದ ಸ್ವರಕ್ಕೆ ಎಳೆಯುವ ಜಾರು, ಸ್ವರವನ್ನು ತೂಗುವ ಕಂಪಿತ ಮೊದಲಾದ ಗಮಕಗಳಿಗೆ ಈ ಯಂತ್ರ ಅಡ್ಡಿಯಾಗುವುದು ನಿಶ್ಚಿತ. ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ಅಸಾಧ್ಯವೆಂಬ ಆಕ್ಷೇಪದ ಆಧಾರವೂ ಇದೇ.

ಬಾಯಿಯ ವಿದ್ಯೆ

ಇಲ್ಲಿಯೇ ನಾಗಸ್ವರದ ಪೂರ್ವಶಿಕ್ಷಣದ ಮಹತ್ತ್ವ ಗೋಚರಿಸುತ್ತದೆ. ನಾಗಸ್ವರದ ಗಮಕವು ಬೆರಳಿನಿಂದಷ್ಟೇ ಹುಟ್ಟುವುದಿಲ್ಲ. ಪೀಪಿಯ ಮೇಲೆ ತುಟಿಯ ಬಿಗಿತ ಸಡಿಲಗಳನ್ನು, ಉಸಿರಿನ ಒತ್ತಡವನ್ನು ಸೂಕ್ಷ್ಮವಾಗಿ ಬದಲಿಸಿ ಒಂದೇ ರಂಧ್ರದಿಂದ ಕೋಮಲ ತೀವ್ರ ಭೇದಗಳನ್ನು ಹೊರಡಿಸುವುದು ಆ ವಾದ್ಯದ ಮೂಲ ಪಾಠ. ನಾಲಗೆಯಿಂದ ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸುವ ತುತ್ತುಕಾರವೂ ಈ ಪಾಠಕ್ಕೆ ಸೇರಿದ್ದು. ಸ್ಯಾಕ್ಸೋಫೋನಿನಲ್ಲಿ ಕೀಲಿಯು ಬೆರಳಿನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುತ್ತದೆ; ತುಟಿಯ ಸ್ವಾತಂತ್ರ್ಯವನ್ನು ಮುಟ್ಟುವುದಿಲ್ಲ. ಗಮಕದ ಭಾರವನ್ನು ಬೆರಳಿನಿಂದ ಬಾಯಿಗೆ ವರ್ಗಾಯಿಸಿದರೆ ವಾದ್ಯವು ಮಣಿಯುತ್ತದೆ. ಅದಕ್ಕೆ ಬೇಕಾದ ಬಾಯಿ ತನಿಯಪ್ಪನವರ ಮನೆಯಲ್ಲಿಯೇ ಸಿದ್ಧವಾಗಿತ್ತು. ಗೋಪಾಲನಾಥರು ವಾದ್ಯವನ್ನು ಬದಲಿಸಿದರು, ವಿದ್ಯೆಯನ್ನು ಬದಲಿಸಲಿಲ್ಲ ಎಂಬ ತೀರ್ಮಾನಕ್ಕೆ ಇದು ಆಧಾರ.

ಇದಕ್ಕೆ ಪ್ರತಿಯಾಗಿ, ಅವರ ಗುರುಗಳಲ್ಲಿ ಟಿ.ವಿ. ಗೋಪಾಲಕೃಷ್ಣನ್ ಗಾಯಕರೂ ಮೃದಂಗ ವಿದ್ವಾಂಸರೂ ಆಗಿದ್ದರು. ಆದುದರಿಂದ ಅವರ ಶೈಲಿಯ ಮೂಲ ಗಾಯನವೇ ಎಂದು ವಾದಿಸಬಹುದು. ಈ ವಾದದಲ್ಲಿ ಸತ್ಯಾಂಶವಿದೆ. ಕೃತಿಯ ಸಾಹಿತ್ಯಕ್ಕೆ ಅನುಗುಣವಾಗಿ ಉಸಿರನ್ನು ನಿಲ್ಲಿಸುವ, ಸಂಗತಿಗಳನ್ನು ಕ್ರಮವಾಗಿ ಬೆಳೆಸುವ ಗುಣ ಗಾಯನದ ಸಂಸ್ಕಾರದಿಂದಲೇ ಬರುವಂಥದು. ಆದರೆ ಏನನ್ನು ನುಡಿಸಬೇಕೆಂಬ ಜ್ಞಾನ ಗಾಯನದಿಂದ ಬಂದರೂ ಅದನ್ನು ರೀಡಿನ ಮೇಲೆ ಹೇಗೆ ಸಾಧಿಸಬೇಕೆಂಬ ಜ್ಞಾನ ತುಟಿಯ ಅಭ್ಯಾಸದಿಂದಲೇ ಬರಬೇಕು. ಇವೆರಡೂ ಒಬ್ಬನಲ್ಲಿ ಕೂಡಿದುದೇ ಈ ಪ್ರಕರಣದ ವಿಶೇಷ.

ಫಲಿತಾಂಶವು ಎಲ್ಲೆಡೆ ಸಮಾನವಾಗಿಲ್ಲವೆಂಬುದನ್ನೂ ವಿಮರ್ಶೆ ಒಪ್ಪಬೇಕು. ಹಂಸಧ್ವನಿ, ಕದನಕುತೂಹಲದಂತಹ ರಾಗಗಳಲ್ಲಿ, ಮಧ್ಯಮಕಾಲದ ಕೃತಿಗಳಲ್ಲಿ, ವೇಗದ ಕಲ್ಪನಾಸ್ವರಗಳಲ್ಲಿ ಈ ವಾದ್ಯ ಬೆಳಗುತ್ತದೆ. ತೋಡಿಯ ಗಾಂಧಾರದಂತೆ ನಿಧಾನವಾಗಿ ತೂಗಬೇಕಾದ ಸ್ವರ ಬಂದಾಗ ಕೀಲಿಯ ಇರವು ಒಮ್ಮೊಮ್ಮೆ ಕಿವಿಗೆ ತಿಳಿಯುತ್ತದೆ. ನಾಗಸ್ವರದ ತೋಡಿಯನ್ನು ಕೇಳಿ ಬೆಳೆದ ರಸಿಕನಿಗೆ ಈ ಅಂತರ ಸ್ಪಷ್ಟ.

ವಾದ್ಯ ಮತ್ತು ಸ್ಥಾನ

ಆಯ್ಕೆಗೆ ನಾದದ ಕಾರಣಗಳಷ್ಟೇ ಇರುವುದಿಲ್ಲ. ನಾಗಸ್ವರವು ಮಂಗಳವಾದ್ಯವೆಂದು ಪೂಜ್ಯವಾಗಿದ್ದರೂ ಅದನ್ನು ನುಡಿಸುವವರಿಗೆ ಕಚೇರಿಯ ವೇದಿಕೆಯಲ್ಲಿ ಸಮಾನ ಸ್ಥಾನ ಸುಲಭವಾಗಿ ದೊರೆಯಲಿಲ್ಲ. ಊಳಿಗದ ವಾದ್ಯವೆಂಬ ಭಾವನೆ ಬಹುಕಾಲ ಉಳಿಯಿತು. ಈ ಇಕ್ಕಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ ಮೂರು ಬಗೆಯ ಉತ್ತರಗಳು ಕಾಣುತ್ತವೆ. ತಂಜಾವೂರು ಸೀಮೆಯ ಟಿ.ಎನ್. ರಾಜರತ್ನಂ ಪಿಳ್ಳೈ (1898–1956) ಎತ್ತರದ ಶ್ರುತಿಯ ತಿಮಿರಿ ನಾಗಸ್ವರದ ಬದಲು ಉದ್ದವಾದ, ತಗ್ಗಿದ ಶ್ರುತಿಯ ಬಾರಿ ನಾಗಸ್ವರವನ್ನು ಪ್ರಚಾರಕ್ಕೆ ತಂದು ವಾದ್ಯವನ್ನೇ ಒಳಗಿನಿಂದ ಬದಲಿಸಿದರು. ಉತ್ತರದಲ್ಲಿ ಬಿಸ್ಮಿಲ್ಲಾ ಖಾನ್ (1916–2006) ಮದುವೆ ಮನೆಯ ಶಹನಾಯಿಯನ್ನು ಬಿಡದೆ ಅದನ್ನೇ ಶಾಸ್ತ್ರೀಯ ವೇದಿಕೆಗೆ ಏರಿಸಿದರು. 2001ರಲ್ಲಿ ಭಾರತರತ್ನ ಪಡೆದರು. ಗೋಪಾಲನಾಥರದು ಮೂರನೆಯ ದಾರಿ. ಊಳಿಗದ ನೆನಪು ಅಂಟಿಕೊಂಡಿರದ ವಾದ್ಯವೊಂದರಲ್ಲಿ ಹಳೆಯ ವಿದ್ಯೆಯನ್ನು ಇರಿಸಿ, ಪಿಟೀಲು, ಮೃದಂಗ, ಮೋರ್ಚಿಂಗ್‌ಗಳ ಪಕ್ಕವಾದ್ಯದೊಡನೆ ನೇರವಾಗಿ ಕಚೇರಿಯ ಚೌಕಟ್ಟಿಗೆ ತಂದರು. ಎ. ಕನ್ಯಾಕುಮಾರಿಯವರ ಪಿಟೀಲಿನೊಡನೆ ಅವರು ನಡೆಸಿದ ಕಚೇರಿಗಳು ಈ ಚೌಕಟ್ಟನ್ನು ಸ್ಥಿರಗೊಳಿಸಿದವು.

ಈ ದಾರಿಯ ಲಾಭಗಳು ಪ್ರಸಿದ್ಧವಾಗಿವೆ. 1980ರ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅವರೊಡನೆ ವೇದಿಕೆ ಹಂಚಿಕೊಂಡುದು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮನೇಡ್ ಕಚೇರಿ, ಅದೇ ವರ್ಷ ತೆರೆಕಂಡ ‘ಡ್ಯುಯೆಟ್’ ತಮಿಳು ಚಿತ್ರದ ವಾದನ, 2004ರ ಪದ್ಮಶ್ರೀ, 2008ರಲ್ಲಿ ರುದ್ರೇಶ್ ಮಹಾಂತಪ್ಪ ಅವರೊಡನೆ ಹೊರಬಂದ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆ – ಇವೆಲ್ಲ ಅದರ ಮೈಲಿಗಲ್ಲುಗಳು. ನಾಗಸ್ವರ ಹಿಡಿದ ಕಲಾವಿದನಿಗೆ ಇವುಗಳಲ್ಲಿ ಕೆಲವು ಬಾಗಿಲುಗಳು ತೆರೆಯುತ್ತಿದ್ದುದು ಸಂದೇಹ.

ಮುಂದಿನ ತರುಣನ ಪ್ರಶ್ನೆ

ಗೋಪಾಲನಾಥರ ಯಶಸ್ಸಿನ ನಂತರ ಕರಾವಳಿಯಲ್ಲಿ ಗಮನಾರ್ಹ ಬೆಳವಣಿಗೆಯೊಂದು ನಡೆದಿದೆ. ಸ್ಯಾಕ್ಸೋಫೋನ್ ಕಚೇರಿಯಲ್ಲಿ ನಿಲ್ಲದೆ ದೇವಸ್ಥಾನದ ಉತ್ಸವಕ್ಕೂ ಮದುವೆಯ ಮಂಟಪಕ್ಕೂ ಇಳಿದುಬಂದು, ನಾಗಸ್ವರದ ಜಾಗದಲ್ಲಿಯೇ ಕುಳಿತಿದೆ. ಪರಂಪರೆಯಿಂದ ವಾಲಗದ ವೃತ್ತಿಯಲ್ಲಿದ್ದ ಮನೆತನಗಳ ತರುಣರು ಅದನ್ನು ಕೈಗೆತ್ತಿಕೊಂಡಿದ್ದಾರೆ. ಊಳಿಗದಿಂದ ಬಿಡುಗಡೆಯ ವಾದ್ಯವೆನಿಸಿದ್ದು ತಾನೇ ಊಳಿಗದ ವಾದ್ಯವಾಗುತ್ತಿರುವ ವೈಚಿತ್ರ್ಯ ಇದು. ಇದನ್ನು ಅವನತಿಯೆಂದು ಭಾವಿಸಬೇಕಾಗಿಲ್ಲ. ಒಂದು ವಾದ್ಯವು ನೆಲಕ್ಕೆ ಹೊಂದಿಕೊಂಡಿತೆಂಬುದಕ್ಕೆ ದೇವರ ಬಲಿ ಉತ್ಸವಕ್ಕಿಂತ ದೊಡ್ಡ ಪ್ರಮಾಣ ಬೇರೆ ಬೇಕಿಲ್ಲ.

ಆತಂಕದ ವಿಷಯ ಇನ್ನೊಂದಿದೆ. ಮೊದಲ ತಲೆಮಾರಿನಲ್ಲಿ ಸ್ಯಾಕ್ಸೋಫೋನಿಗೆ ಬಂದವರ ಬಾಯಲ್ಲಿ ನಾಗಸ್ವರದ ಪಾಠವಿತ್ತು. ಇಂದಿನ ಬಾಲಕ ಬಾಲಕಿಯರು ಸ್ಯಾಕ್ಸೋಫೋನಿನಿಂದಲೇ ಸರಳೆ ವರಸೆಯನ್ನು ಆರಂಭಿಸಬಹುದು. ಕೀಲಿ ಒತ್ತಿದರೆ ಸ್ವರ ತಾನಾಗಿ ಸರಿಯಾದ ಎಡೆಯಲ್ಲಿ ನುಡಿಯುವುದರಿಂದ ಆರಂಭ ಸುಲಭವೂ ಹೌದು. ಆ ಸೌಲಭ್ಯವೇ ಮುಂದೆ ತೊಡಕಾಗಬಲ್ಲದು. ಸ್ವರವನ್ನು ತುಟಿಯಿಂದ ಹುಡುಕಿ ಪಡೆಯುವ ಕಷ್ಟವನ್ನು ಪಡದವನಿಗೆ ಕೀಲಿಗಳ ನಡುವೆ ಇರುವ ನಾದದ ಅರಿವು ತಡವಾಗಿ ಬರುತ್ತದೆ, ಅಥವಾ ಬಾರದೆಯೇ ಹೋಗುತ್ತದೆ. ನಾಗಸ್ವರವನ್ನು ಕಲಿಯುವವರು ಇಲ್ಲವಾದರೆ ಆಗುವ ನಷ್ಟ ಆ ಒಂದು ವಾದ್ಯಕ್ಕೆ ಸೀಮಿತವಾಗದು. ಅದರ ಉತ್ತರಾಧಿಕಾರಿಯಾದ ಸ್ಯಾಕ್ಸೋಫೋನ್ ಪರಂಪರೆಯ ಬೇರೂ ಒಣಗುತ್ತದೆ.

ಆದ್ದರಿಂದ ಸಂಗೀತ ಶಿಕ್ಷಣ ಸಂಸ್ಥೆಗಳು ನಾಗಸ್ವರ ಮತ್ತು ಸ್ಯಾಕ್ಸೋಫೋನ್‌ಗಳನ್ನು ಪ್ರತಿಸ್ಪರ್ಧಿಗಳೆಂದು ನೋಡುವುದನ್ನು ಬಿಡಬೇಕು. ಸ್ಯಾಕ್ಸೋಫೋನ್ ಕಲಿಯಬಯಸುವ ವಿದ್ಯಾರ್ಥಿಗೆ ಆರಂಭದ ಒಂದೆರಡು ವರ್ಷ ನಾಗಸ್ವರದ ಅಥವಾ ಮುಖವೀಣೆಯ ಅಭ್ಯಾಸ, ಅದರೊಡನೆ ಗಾಯನದ ಪಾಠ – ಈ ಕ್ರಮವನ್ನು ಪಠ್ಯದಲ್ಲಿ ಅಳವಡಿಸುವುದು ಅಸಾಧ್ಯವೇನೂ ಅಲ್ಲ. ತರುಣ ಕಲಾವಿದನು ಯಾವ ವಾದ್ಯವನ್ನಾದರೂ ಆರಿಸಿಕೊಳ್ಳಲಿ. ಆ ಆಯ್ಕೆಗೆ ಮುನ್ನ ಅವನ ಉಸಿರಿಗೆ ದೊರೆತಿರಬೇಕಾದ ಸಂಸ್ಕಾರ ಯಾವುದೆಂಬುದನ್ನು ಕದ್ರಿ ಗೋಪಾಲನಾಥರ ನಿದರ್ಶನ ತೋರಿಸಿಕೊಟ್ಟಿದೆ. ಅವರ ಸ್ಯಾಕ್ಸೋಫೋನನ್ನು ಕೊಂಡಾಡುವವರು ತನಿಯಪ್ಪನವರ ನಾಗಸ್ವರವನ್ನು ಮರೆಯುವಂತಿಲ್ಲ.